ಮಿನಿ ಟ್ರ್ಯಾಕ್ಟರ್ ಲೋಡರ್‌ನ ಹೈಡ್ರಾಲಿಕ್ ಒತ್ತಡ ಹೊಂದಾಣಿಕೆ

ಮಿನಿ ಟ್ರ್ಯಾಕ್ಟರ್ ಲೋಡರ್‌ನ ಹೈಡ್ರಾಲಿಕ್ ಒತ್ತಡ ಹೊಂದಾಣಿಕೆಯು ಸಣ್ಣ ಟ್ರ್ಯಾಕ್ಟರಿನ ಮುಂಭಾಗಕ್ಕೆ ಜೋಡಿಸಿದ ಲೋಡರ್‌ನ ತೈಲ ವ್ಯವಸ್ಥೆಯಲ್ಲಿ ಉಂಟಾಗುವ ಗರಿಷ್ಠ ಒತ್ತಡವನ್ನು ಮಾಪಕದಿಂದ ಅಳೆದು, ಅದನ್ನು ತಯಾರಕರು ಸೂಚಿಸಿದ ಮಟ್ಟಕ್ಕೆ ತರುವ ನಿರ್ವಹಣಾ ಕಾರ್ಯವಾಗಿದೆ. ಒತ್ತಡ ಮಿತಿ ಕವಾಟ ಅಥವಾ ರಿಲೀಫ್ ವಾಲ್ವ್ ಎಂಬ ಭಾಗದ ಸ್ಪ್ರಿಂಗ್‌ನ ಬಿಗಿತವನ್ನು ಬದಲಿಸುವ ಮೂಲಕ ಈ ಹೊಂದಾಣಿಕೆ ನಡೆಯುತ್ತದೆ. ಲೋಡರ್ ಭಾರ ಎತ್ತದಿದ್ದಾಗ ಈ ಕವಾಟದ ತಿರುಪನ್ನು ಬಿಗಿ ಮಾಡುವುದು ರೂಢಿಯಲ್ಲಿದೆ. ಆದರೆ ರಿಲೀಫ್ ವಾಲ್ವ್ ಯಂತ್ರವನ್ನೂ ಚಾಲಕನನ್ನೂ ಕಾಯುವ ಸುರಕ್ಷತಾ ಸಾಧನವಾಗಿದೆ; ಅದು ಶಕ್ತಿಯನ್ನು ಹೆಚ್ಚಿಸುವ ಸಾಧನವಲ್ಲ. ಆದ್ದರಿಂದ ಮಾಪಕವಿಲ್ಲದೆ, ಕಾರಣ ಪತ್ತೆ ಮಾಡದೆ ಅದನ್ನು ತಿರುಗಿಸಬಾರದು ಎಂಬುದು ಈ ಕಾರ್ಯದ ಮೂಲ ನಿಯಮವಾಗಿದೆ.

ಹಿನ್ನೆಲೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ತತ್ತ್ವವನ್ನು ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ 17ನೆಯ ಶತಮಾನದಲ್ಲಿ ನಿರೂಪಿಸಿದರು. ಅವರ ಗ್ರಂಥವು ಅವರ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಇದೇ ತತ್ತ್ವವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದರು. ಟ್ರ್ಯಾಕ್ಟರಿನ ಹಿಂಭಾಗದ ಉಪಕರಣಗಳನ್ನು ತೈಲದ ಒತ್ತಡದಿಂದ ಎತ್ತಿಳಿಸುವ ಮೂರು ಬಿಂದುಗಳ ಜೋಡಣೆಯನ್ನು ಹ್ಯಾರಿ ಫರ್ಗ್ಯುಸನ್ ರೂಪಿಸಿದರು; 1939ರಲ್ಲಿ ಬಂದ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರಿನಿಂದ ಅದು ವ್ಯಾಪಕವಾಗಿ ಬಳಕೆಗೆ ಬಂತು. ಮುಂಭಾಗದ ಲೋಡರ್ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಕರ್ನಾಟಕದಲ್ಲಿ ಬಳಕೆ

ಸಾಮಾನ್ಯವಾಗಿ 30 ಅಶ್ವಶಕ್ತಿಗಿಂತ ಕಡಿಮೆ ಸಾಮರ್ಥ್ಯದ ಟ್ರ್ಯಾಕ್ಟರುಗಳನ್ನು ಕರ್ನಾಟಕದಲ್ಲಿ ಮಿನಿ ಟ್ರ್ಯಾಕ್ಟರ್ ಎಂದು ಕರೆಯುತ್ತಾರೆ. ರಾಜ್ಯಕ್ಕೆ ಈ ಕ್ಷೇತ್ರದಲ್ಲಿ ಹಳೆಯ ನಂಟಿದೆ. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸಂಸ್ಥೆಯು ಪವರ್ ಟಿಲ್ಲರ್ ಹಾಗೂ ಮಿನಿ ಟ್ರ್ಯಾಕ್ಟರುಗಳನ್ನು ತಯಾರಿಸುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಡೈನಮ್ಯಾಟಿಕ್ ಸಂಸ್ಥೆಯು ಟ್ರ್ಯಾಕ್ಟರುಗಳಿಗೆ ಬೇಕಾದ ಹೈಡ್ರಾಲಿಕ್ ಗೇರ್ ಪಂಪುಗಳ ತಯಾರಿಕೆಗೆ ಹೆಸರಾಗಿದೆ.

ಗದಗ ಜಿಲ್ಲೆಯ ಬಾಳೆಹೊಸೂರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳು ಬಹುಮಟ್ಟಿಗೆ ಮಳೆಯಾಶ್ರಿತ ಬೇಸಾಯದ ಪ್ರದೇಶಗಳಾಗಿವೆ. ಜಿಲ್ಲೆಯ ವಿಸ್ತಾರ ಭಾಗದಲ್ಲಿ ಎರೆಮಣ್ಣು ಅಥವಾ ಕಪ್ಪುಮಣ್ಣು ಇದ್ದು, ಹೆಸರು, ಶೇಂಗಾ, ಈರುಳ್ಳಿ, ಮೆಣಸಿನಕಾಯಿ, ಹತ್ತಿ, ಜೋಳ ಮತ್ತು ಕಡಲೆ ಮುಖ್ಯ ಬೆಳೆಗಳಾಗಿವೆ. ಇಂತಹ ಪ್ರದೇಶಗಳಲ್ಲಿ ಲೋಡರ್‌ನ ಕೆಲಸ ಹೆಚ್ಚಾಗಿ ಮುಂಗಾರಿಗೆ ಮುನ್ನ ಬರುತ್ತದೆ. ತಿಪ್ಪೆಗೊಬ್ಬರವನ್ನು ಟ್ರೇಲರ್‌ಗೆ ತುಂಬುವುದು, ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸುವುದು, ಬದು ಸರಿಪಡಿಸುವುದು ಮತ್ತು ಹೊಟ್ಟು-ಮೇವು ಸಾಗಿಸುವುದು ಇವುಗಳಲ್ಲಿ ಪ್ರಮುಖವಾದವು. ಏಪ್ರಿಲ್-ಮೇ ತಿಂಗಳ ಬಿಸಿಲು ಮತ್ತು ಧೂಳು ತೈಲ ವ್ಯವಸ್ಥೆಯ ಮೇಲೆ ನೇರ ಪರಿಣಾಮ ಬೀರುತ್ತವೆ.

ರೈತರಿಗೆ ಬಾಡಿಗೆಗೆ ಯಂತ್ರ ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ 2014–15ರಿಂದ ಕಾರ್ಯನಿರ್ವಹಿಸುತ್ತಿವೆ. ಬಾಡಿಗೆಯ ಯಂತ್ರವನ್ನು ಹಲವು ಚಾಲಕರು ಬಳಸುವುದರಿಂದ ಹಿಂದಿನವರು ಒತ್ತಡವನ್ನು ಬದಲಿಸಿದ್ದಾರೆಯೇ ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ. ಆದ್ದರಿಂದ ಹೊಂದಾಣಿಕೆಯ ದಿನಾಂಕ ಮತ್ತು ಅಳತೆಯನ್ನು ಯಂತ್ರದ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಇಂತಹ ಯಂತ್ರಗಳ ವಿಷಯದಲ್ಲಿ ಹೆಚ್ಚು ಅಗತ್ಯವಾಗಿದೆ.

ವ್ಯವಸ್ಥೆಯ ಭಾಗಗಳು

ಲೋಡರ್‌ನ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಕೆಳಗಿನ ಭಾಗಗಳಿರುತ್ತವೆ.

• ತೈಲದ ತೊಟ್ಟಿ: ಅನೇಕ ಮಿನಿ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್‌ನ ತೈಲವೇ ಹೈಡ್ರಾಲಿಕ್ ತೈಲವೂ ಆಗಿರುತ್ತದೆ. ಹೀಗಾಗಿ ಗೇರುಗಳ ಸವೆತದಿಂದ ಬಂದ ಲೋಹದ ಪುಡಿ ಕವಾಟಗಳನ್ನು ತಲುಪುವ ಸಾಧ್ಯತೆ ಇರುತ್ತದೆ.
• ಸ್ಟ್ರೈನರ್ ಮತ್ತು ಫಿಲ್ಟರ್: ಪಂಪಿಗೆ ಹೋಗುವ ತೈಲವನ್ನು ಸೋಸುತ್ತವೆ.
• ಗೇರ್ ಪಂಪ್: ಎಂಜಿನ್‌ನಿಂದ ಚಲಿಸಿ ತೈಲವನ್ನು ತಳ್ಳುತ್ತದೆ.
• ನಿಯಂತ್ರಣ ಕವಾಟ: ಚಾಲಕನ ಲಿವರ್‌ಗೆ ಅನುಸಾರವಾಗಿ ತೈಲವನ್ನು ಬೇಕಾದ ಸಿಲಿಂಡರ್‌ಗೆ ಕಳುಹಿಸುತ್ತದೆ.
• ರಿಲೀಫ್ ವಾಲ್ವ್: ಒತ್ತಡವು ಮಿತಿ ತಲುಪಿದಾಗ ತೆರೆದುಕೊಂಡು ತೈಲವನ್ನು ತೊಟ್ಟಿಗೆ ಮರಳಿಸುತ್ತದೆ.
• ಸಿಲಿಂಡರ್‌ಗಳು: ಆಡುಮಾತಿನಲ್ಲಿ ಇವನ್ನು ಜಾಕ್ ಎನ್ನುವುದುಂಟು. ಸಾಮಾನ್ಯವಾಗಿ ಎರಡು ಸಿಲಿಂಡರ್‌ಗಳು ಬೂಮ್ ಅಥವಾ ತೋಳನ್ನು ಎತ್ತುತ್ತವೆ. ಒಂದು ಅಥವಾ ಎರಡು ಸಿಲಿಂಡರ್‌ಗಳು ಬಕೆಟ್ಟನ್ನು ಮಗುಚುತ್ತವೆ.
• ಹೋಸ್ ಪೈಪುಗಳು ಮತ್ತು ಕ್ವಿಕ್ ಕಪ್ಲರ್‌ಗಳು: ಲೋಡರನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ಮರಳಿ ಜೋಡಿಸಲು ನೆರವಾಗುತ್ತವೆ.

ಒತ್ತಡ, ಬಲ ಮತ್ತು ಹರಿವು

ಒತ್ತಡವನ್ನು ಬಾರ್, ಪಿಎಸ್‌ಐ ಅಥವಾ ಚದರ ಸೆಂಟಿಮೀಟರಿಗೆ ಕೆ.ಜಿ. ಎಂಬ ಮಾನಗಳಲ್ಲಿ ಅಳೆಯಲಾಗುತ್ತದೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ ಅಥವಾ ಚದರ ಸೆಂಟಿಮೀಟರಿಗೆ ಸುಮಾರು 1.02 ಕೆ.ಜಿ. ಬಲ. ಮಿನಿ ಟ್ರ್ಯಾಕ್ಟರುಗಳ ಗರಿಷ್ಠ ಒತ್ತಡವು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಅದು ಹೆಚ್ಚಾಗಿ 140ರಿಂದ 200 ಬಾರ್‌ಗಳ ನಡುವೆ ಇರುತ್ತದೆ.

ಸಿಲಿಂಡರ್‌ನ ಬಲವು ಒತ್ತಡ ಮತ್ತು ಪಿಸ್ಟನ್‌ನ ವಿಸ್ತೀರ್ಣಗಳ ಗುಣಲಬ್ಧವಾಗಿದೆ.

ಬಲ = ಒತ್ತಡ × ವಿಸ್ತೀರ್ಣ

ಉದಾಹರಣೆಗೆ, 50 ಮಿ.ಮೀ. ಒಳವ್ಯಾಸದ ಸಿಲಿಂಡರ್‌ನ ವಿಸ್ತೀರ್ಣ 19.6 ಚದರ ಸೆಂ.ಮೀ. ಒತ್ತಡ 150 ಬಾರ್ ಇದ್ದಾಗ ಅದು ಸುಮಾರು 3,000 ಕೆ.ಜಿ. ಬಲವನ್ನು ನೀಡುತ್ತದೆ. ಎರಡು ಸಿಲಿಂಡರ್‌ಗಳ ಒಟ್ಟು ಬಲ ಸುಮಾರು 6,000 ಕೆ.ಜಿ. ಆದರೆ ಸಿಲಿಂಡರ್ ಬೂಮ್‌ನ ಬುಡದ ಹತ್ತಿರ ತಳ್ಳುತ್ತದೆ ಮತ್ತು ಬಕೆಟ್ ತುದಿಯಲ್ಲಿರುತ್ತದೆ. ಸನ್ನೆಯ ತತ್ತ್ವದಂತೆ ಈ ಅಂತರಗಳ ಅನುಪಾತ 1:9 ಇದ್ದರೆ ತುದಿಯಲ್ಲಿ ದೊರೆಯುವ ಬಲ ಸುಮಾರು 660 ಕೆ.ಜಿ. ಮಾತ್ರ. ಇದರಲ್ಲಿ ಬೂಮ್ ಮತ್ತು ಬಕೆಟ್‌ಗಳ ಸ್ವಂತ ತೂಕಕ್ಕೆ 200 ಕೆ.ಜಿ. ಹೋದರೆ ಉಳಿಯುವುದು ಸುಮಾರು 460 ಕೆ.ಜಿ.

ಒತ್ತಡವು ಬಲವನ್ನು ನಿರ್ಧರಿಸಿದರೆ, ಪಂಪಿನ ಹರಿವು ವೇಗವನ್ನು ನಿರ್ಧರಿಸುತ್ತದೆ. ಮೇಲಿನ ಸಿಲಿಂಡರ್‌ಗಳು 400 ಮಿ.ಮೀ. ಚಲಿಸಲು ಒಟ್ಟು 1.57 ಲೀಟರ್ ತೈಲ ಬೇಕು. ನಿಮಿಷಕ್ಕೆ 24 ಲೀಟರ್ ನೀಡುವ ಪಂಪಿನಿಂದ ಇದಕ್ಕೆ ಸುಮಾರು 4 ಸೆಕೆಂಡು ತಗಲುತ್ತದೆ. ಮಿತಿಯನ್ನು 150 ಬಾರ್‌ನಿಂದ 170 ಬಾರ್‌ಗೆ ಏರಿಸಿದರೂ ಈ ಸಮಯ ಕಡಿಮೆಯಾಗುವುದಿಲ್ಲ. ಹೀಗಾಗಿ ಲೋಡರ್ ನಿಧಾನವಾಗಿದೆ ಎಂಬ ದೂರಿಗೆ ರಿಲೀಫ್ ವಾಲ್ವ್‌ನ ಹೊಂದಾಣಿಕೆ ಪರಿಹಾರವಲ್ಲ.

ರಿಲೀಫ್ ವಾಲ್ವ್

ಸರಳ ಮಾದರಿಯ ರಿಲೀಫ್ ವಾಲ್ವ್‌ನಲ್ಲಿ ಒಂದು ಗುಂಡು ಅಥವಾ ಶಂಕುವಿನಾಕಾರದ ಮುಚ್ಚಳವನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ತೈಲದ ಬಲವು ಸ್ಪ್ರಿಂಗ್‌ನ ಬಲವನ್ನು ಮೀರಿದಾಗ ಮುಚ್ಚಳ ತೆರೆಯುತ್ತದೆ. ಸ್ಪ್ರಿಂಗ್‌ನ ಬಿಗಿತವನ್ನು ತಿರುಪಿನಿಂದ ಬದಲಿಸಬಹುದು; ಆ ತಿರುಪು ಸರಿಯದಂತೆ ಲಾಕ್ ನಟ್ ಹಿಡಿದಿಡುತ್ತದೆ. ಕೆಲವು ಮಾದರಿಗಳಲ್ಲಿ ತಿರುಪಿನ ಬದಲು ತೆಳುವಾದ ಲೋಹದ ಬಿಲ್ಲೆಗಳನ್ನು ಸ್ಪ್ರಿಂಗ್‌ನ ಹಿಂದೆ ಸೇರಿಸುವ ಅಥವಾ ತೆಗೆಯುವ ಕ್ರಮವಿದೆ. ಹೊಂದಾಣಿಕೆಗೆ ಅವಕಾಶವಿಲ್ಲದಂತೆ ಮುದ್ರೆ ಹಾಕಿದ ಕವಾಟಗಳನ್ನು ಬದಲಾಯಿಸಬಹುದೇ ಹೊರತು ತಿರುಗಿಸಬಾರದು.

ಒಂದೇ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ರಿಲೀಫ್ ವಾಲ್ವ್‌ಗಳು ಇರಬಹುದು. ಟ್ರ್ಯಾಕ್ಟರಿನ ಮುಖ್ಯ ಕವಾಟ ಒಂದಾದರೆ, ಲೋಡರ್‌ನ ನಿಯಂತ್ರಣ ಕವಾಟದಲ್ಲಿ ಇನ್ನೊಂದಿರುತ್ತದೆ. ಎರಡೂ ಒಂದೇ ಒತ್ತಡದ ಮಾರ್ಗದಲ್ಲಿದ್ದರೆ ಕಡಿಮೆ ಮಿತಿಯುಳ್ಳದ್ದೇ ಮೊದಲು ತೆರೆದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಕವಾಟ 150 ಬಾರ್‌ಗೆ ತೆರೆಯುವಂತಿದ್ದರೆ, ಲೋಡರ್‌ನ ಕವಾಟವನ್ನು 170 ಬಾರ್‌ಗೆ ಬಿಗಿ ಮಾಡಿದರೂ ಮಾಪಕದಲ್ಲಿ 150 ಬಾರ್‌ಗಿಂತ ಹೆಚ್ಚು ಕಾಣುವುದಿಲ್ಲ. ಇದಲ್ಲದೆ ಪ್ರತ್ಯೇಕ ಸಿಲಿಂಡರ್ ಮಾರ್ಗಗಳಿಗೆ ಹೊರಗಿನ ಹೊಡೆತದಿಂದ ರಕ್ಷಣೆ ನೀಡುವ ಪೋರ್ಟ್ ರಿಲೀಫ್ ವಾಲ್ವ್‌ಗಳಿರಬಹುದು. ಇವುಗಳ ಮಿತಿ ಸಾಮಾನ್ಯವಾಗಿ ಮುಖ್ಯ ಕವಾಟಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಅವುಗಳನ್ನು ಟ್ರ್ಯಾಕ್ಟರಿನ ಪಂಪಿನಿಂದಲ್ಲದೆ ಕಾರ್ಯಾಗಾರದ ಕೈಪಂಪಿನಿಂದ ಪರೀಕ್ಷಿಸಬೇಕಾಗುತ್ತದೆ.

ಹೊಂದಾಣಿಕೆಗೆ ಮುನ್ನ ದೋಷ ಪತ್ತೆ

ಭಾರ ಏಳದಿರುವುದಕ್ಕೆ ಒತ್ತಡದ ಕೊರತೆಯೊಂದೇ ಕಾರಣವಲ್ಲ. ಮೊದಲು ಪರಿಶೀಲಿಸಬೇಕಾದದ್ದು ಭಾರವನ್ನೇ. ರಾಶಿ ತುಂಬಿದಾಗ 0.3 ಘನ ಮೀಟರ್ ಹಿಡಿಯುವ ಬಕೆಟ್‌ನಲ್ಲಿ, ಘನ ಮೀಟರಿಗೆ ಸುಮಾರು 600 ಕೆ.ಜಿ. ತೂಗುವ ತಿಪ್ಪೆಗೊಬ್ಬರ ತುಂಬಿದರೆ ಒಟ್ಟು 180 ಕೆ.ಜಿ. ಆಗುತ್ತದೆ. ಅದೇ ಬಕೆಟ್‌ನಲ್ಲಿ ಘನ ಮೀಟರಿಗೆ ಸುಮಾರು 1,600 ಕೆ.ಜಿ. ತೂಗುವ ಹಸಿ ಎರೆಮಣ್ಣು ತುಂಬಿದರೆ 480 ಕೆ.ಜಿ. ಆಗುತ್ತದೆ. ಮೇಲಿನ ಉದಾಹರಣೆಯ ಲೋಡರ್ ಮೊದಲನೆಯದನ್ನು ಸುಲಭವಾಗಿ ಎತ್ತುತ್ತದೆ, ಎರಡನೆಯದನ್ನು ಎತ್ತುವುದಿಲ್ಲ. ಹಸಿ ಎರೆಮಣ್ಣು ಬಕೆಟ್‌ಗೆ ಅಂಟಿಕೊಂಡು ಪೂರ್ತಿಯಾಗಿ ಬೀಳದಿರುವುದರಿಂದ ಪ್ರತಿ ಸುತ್ತಿನಲ್ಲೂ ವ್ಯರ್ಥ ತೂಕ ಸೇರುತ್ತದೆ. ನಿನ್ನೆ ಗೊಬ್ಬರ ಎತ್ತಿದ ಲೋಡರ್ ಇಂದು ಕೆರೆಯ ಹೂಳನ್ನು ಎತ್ತದಿದ್ದರೆ ಅದು ಕವಾಟದ ದೋಷವಾಗಿರದೆ, ಕವಾಟವು ತನ್ನ ಕೆಲಸ ಮಾಡುತ್ತಿರುವುದರ ಸೂಚನೆಯಾಗಿರಬಹುದು. ಇಲ್ಲಿ ಪರಿಹಾರ ಬಕೆಟ್ಟನ್ನು ಅರ್ಧ ತುಂಬುವುದು.

ಇತರ ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು ಹೀಗಿವೆ.

• ಬೂಮ್ ಮತ್ತು ಬಕೆಟ್ ಎರಡೂ ದುರ್ಬಲವಾಗಿದ್ದರೆ: ತೈಲದ ಕೊರತೆ, ಕಟ್ಟಿಕೊಂಡ ಸ್ಟ್ರೈನರ್, ಸವೆದ ಪಂಪ್, ರಿಲೀಫ್ ವಾಲ್ವ್‌ನಲ್ಲಿ ಸಿಕ್ಕಿಕೊಂಡ ಕಸ ಅಥವಾ ಸೋತ ಸ್ಪ್ರಿಂಗ್.
• ಒಂದು ಮಾತ್ರ ದುರ್ಬಲವಾಗಿದ್ದರೆ: ಆ ಸಿಲಿಂಡರ್‌ನ ಪಿಸ್ಟನ್ ಸೀಲ್, ಆ ಮಾರ್ಗದ ಪೋರ್ಟ್ ರಿಲೀಫ್ ವಾಲ್ವ್ ಅಥವಾ ನಿಯಂತ್ರಣ ಕವಾಟದ ಆ ಭಾಗದ ದೋಷ.
• ತಂಪಾಗಿದ್ದಾಗ ಎತ್ತಿ, ತೈಲ ಬಿಸಿಯಾದ ಮೇಲೆ ಸೋತರೆ: ಪಂಪ್ ಅಥವಾ ಸೀಲುಗಳ ಸವೆತ. ಬಿಸಿ ತೈಲ ತೆಳುವಾಗಿ ಒಳಸೋರಿಕೆ ಹೆಚ್ಚುತ್ತದೆ.
• ಎತ್ತಿದ ಭಾರ ತಾನಾಗಿ ಇಳಿಯುತ್ತಿದ್ದರೆ: ಸೀಲ್ ಅಥವಾ ನಿಯಂತ್ರಣ ಕವಾಟದ ಒಳಸೋರಿಕೆ. ಮುಖ್ಯ ರಿಲೀಫ್ ವಾಲ್ವ್‌ಗೂ ಇದಕ್ಕೂ ಸಂಬಂಧವಿಲ್ಲ.
• ಪಂಪ್ ಕಿರುಗುಟ್ಟಿ ಬೂಮ್ ನಡುಗುತ್ತಿದ್ದರೆ: ತೈಲದಲ್ಲಿ ಗಾಳಿ ಸೇರಿರುವುದು ಅಥವಾ ಹೀರುವ ಮಾರ್ಗ ಕಟ್ಟಿಕೊಂಡಿರುವುದು.
• ತೈಲ ಹಾಲಿನ ಬಣ್ಣಕ್ಕೆ ತಿರುಗಿದ್ದರೆ: ನೀರು ಸೇರಿರುವುದು.
• ಲೋಡರನ್ನು ಮರುಜೋಡಿಸಿದ ಕೂಡಲೇ ತೊಂದರೆ ಕಾಣಿಸಿದರೆ: ಪೂರ್ತಿ ಕೂರದ ಅಥವಾ ಅದಲುಬದಲಾದ ಕ್ವಿಕ್ ಕಪ್ಲರ್.

ಒತ್ತಡದ ಮಾಪನ

ಮಾಪನಕ್ಕೆ ಗ್ಲಿಸರಿನ್ ತುಂಬಿದ ಒತ್ತಡ ಮಾಪಕವನ್ನು ಬಳಸುವುದು ಉತ್ತಮ. ಅದರಲ್ಲಿ ಮುಳ್ಳು ನಡುಗುವುದು ಕಡಿಮೆ. ನಿರೀಕ್ಷಿತ ಒತ್ತಡವು ಮಾಪಕದ ಪೂರ್ಣ ಅಳತೆಯ ಮೂರನೆಯ ಎರಡು ಭಾಗದ ಆಸುಪಾಸಿನಲ್ಲಿರಬೇಕು. 150 ಬಾರ್ ವ್ಯವಸ್ಥೆಗೆ 250 ಬಾರ್ ಮಾಪಕ ಸೂಕ್ತವಾಗಿದೆ. ಮಾಪಕವನ್ನು ಜೋಡಿಸುವ ಹೋಸ್ ಮತ್ತು ಫಿಟ್ಟಿಂಗುಗಳು ಕೂಡ ಆ ಒತ್ತಡವನ್ನು ತಾಳುವಂತಿರಬೇಕು.

1. ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಬಕೆಟ್ಟನ್ನು ನೆಲಕ್ಕೆ ಇಳಿಸಬೇಕು.
2. ತೈಲದ ಮಟ್ಟ ಮತ್ತು ಫಿಲ್ಟರನ್ನು ಪರಿಶೀಲಿಸಬೇಕು.
3. ಎಂಜಿನ್ ನಿಲ್ಲಿಸಿ, ಲೋಡರ್‌ನ ಲಿವರನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಪೈಪುಗಳಲ್ಲಿ ಉಳಿದ ಒತ್ತಡವನ್ನು ಬಿಡಿಸಬೇಕು.
4. ಕೈಪಿಡಿಯಲ್ಲಿ ತೋರಿಸಿದ ಪರೀಕ್ಷಾ ಪೋರ್ಟ್‌ಗೆ, ಅದು ಇಲ್ಲದಿದ್ದರೆ ಪಂಪ್ ಮತ್ತು ನಿಯಂತ್ರಣ ಕವಾಟದ ನಡುವಿನ ಮಾರ್ಗಕ್ಕೆ ಟೀ ಜೋಡಣೆಯ ಮೂಲಕ ಮಾಪಕವನ್ನು ಸೇರಿಸಬೇಕು. ಜೋಡಣೆಯ ಸ್ಥಳವನ್ನು ಮೊದಲೇ ಒರೆಸಿ ಧೂಳು ಒಳಹೋಗದಂತೆ ನೋಡಿಕೊಳ್ಳಬೇಕು.
5. ಎಂಜಿನ್ ಚಾಲನೆ ಮಾಡಿ, ಲೋಡರನ್ನು ಹಲವು ಬಾರಿ ಆಡಿಸಿ ತೈಲವನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು.
6. ಬೂಮ್ ನೆಲಮಟ್ಟದಲ್ಲಿರುವಾಗ, ಕೈಪಿಡಿ ಸೂಚಿಸಿದ ಎಂಜಿನ್ ವೇಗದಲ್ಲಿ ಬಕೆಟ್ಟನ್ನು ಹಿಂದಕ್ಕೆ ಕೊನೆಯವರೆಗೆ ಮಡಚಿ ಲಿವರನ್ನು ಹಿಡಿದಿರಬೇಕು. ಸಿಲಿಂಡರ್ ಮುಂದೆ ಚಲಿಸಲಾಗದೆ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗಿನ ಅಳತೆಯನ್ನು ಓದಿ ಐದು ಸೆಕೆಂಡುಗಳೊಳಗೆ ಲಿವರನ್ನು ಬಿಡಬೇಕು.

ಲಿವರ್ ಆಡಿಸದಿರುವಾಗ ಮಾಪಕ ಅತ್ಯಲ್ಪ ಒತ್ತಡವನ್ನು ತೋರಿಸಿದರೆ ಅದು ದೋಷವಲ್ಲ. ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳಲ್ಲಿ ಆ ಹೊತ್ತಿನಲ್ಲಿ ತೈಲವು ಅಡೆತಡೆಯಿಲ್ಲದೆ ತೊಟ್ಟಿಗೆ ಮರಳುತ್ತಿರುತ್ತದೆ. ಲಿವರನ್ನು ಹೆಚ್ಚು ಹೊತ್ತು ಹಿಡಿಯಬಾರದೆಂಬುದಕ್ಕೂ ಕಾರಣವಿದೆ. 150 ಬಾರ್‌ನಲ್ಲಿ ನಿಮಿಷಕ್ಕೆ 24 ಲೀಟರ್ ತೈಲ ಕವಾಟದ ಮೂಲಕ ಹಾಯ್ದರೆ 6 ಕಿಲೊವ್ಯಾಟ್ ಶಕ್ತಿ ಪೂರ್ತಿಯಾಗಿ ಶಾಖವಾಗುತ್ತದೆ. ಇದು 1.5 ಕಿಲೊವ್ಯಾಟ್‌ನ ನಾಲ್ಕು ನೀರು ಕಾಯಿಸುವ ಹೀಟರ್‌ಗಳಿಗೆ ಸಮ. 20 ಲೀಟರ್ ತೈಲವಿದ್ದರೆ ಲೆಕ್ಕದ ಪ್ರಕಾರ ಒಂದೇ ನಿಮಿಷದಲ್ಲಿ ಅದರ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ.

ಹೊಂದಾಣಿಕೆಯ ವಿಧಾನ

ಅಳತೆಯು ಕೈಪಿಡಿಯ ಮಿತಿಗಿಂತ ಕಡಿಮೆಯಿದ್ದು, ತೈಲ, ಫಿಲ್ಟರ್ ಮತ್ತು ಕಪ್ಲರ್‌ಗಳು ಸರಿಯಿದ್ದರೆ ಮಾತ್ರ ಹೊಂದಾಣಿಕೆಗೆ ಮುಂದಾಗಬೇಕು. ಮೊದಲು ತಿರುಪಿನ ಮೂಲ ಸ್ಥಾನವನ್ನು ಗುರುತು ಮಾಡಿ, ಅದು ಎಷ್ಟು ಹೊರಗಿದೆ ಎಂಬುದನ್ನು ಅಳೆದು ಬರೆದುಕೊಳ್ಳಬೇಕು. ಎಂಜಿನ್ ನಿಲ್ಲಿಸಿ ಒತ್ತಡ ಬಿಡಿಸಿದ ನಂತರ ಲಾಕ್ ನಟ್ ಸಡಿಲಿಸಿ, ತಿರುಪನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ತಿರುಗಿಸಬೇಕು. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಲಾಕ್ ನಟ್ ಬಿಗಿ ಮಾಡಿ ಮಾಪನವನ್ನು ಪುನರಾವರ್ತಿಸಬೇಕು. ನಿಗದಿತ ಮಿತಿ ದೊರೆಯುವವರೆಗೆ ಇದೇ ಕ್ರಮದಲ್ಲಿ ಸಾಗಬೇಕು.

ಅರ್ಧ ಸುತ್ತು ಬಿಗಿ ಮಾಡಿದರೂ ಅಳತೆ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ ತಿರುಪನ್ನು ಮೂಲ ಸ್ಥಾನಕ್ಕೆ ತರಬೇಕು. ಆಗ ದೋಷವು ಪಂಪ್‌ನಲ್ಲಿ, ಒಳಸೋರಿಕೆಯಲ್ಲಿ ಅಥವಾ ಕಡಿಮೆ ಮಿತಿಯುಳ್ಳ ಇನ್ನೊಂದು ಕವಾಟದಲ್ಲಿರುತ್ತದೆ. ತಿರುಪನ್ನು ಕೊನೆಯವರೆಗೆ ಬಿಗಿ ಮಾಡುವುದು ಅತ್ಯಂತ ಅಪಾಯಕಾರಿ. ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ತಾಗಿ ಕವಾಟವು ತೆರೆಯಲಾಗದ ಸ್ಥಿತಿಗೆ ಬರುತ್ತದೆ. ಆಗ ಪಂಪ್, ಪೈಪ್ ಅಥವಾ ಸಿಲಿಂಡರ್‌ಗಳಲ್ಲಿ ದುರ್ಬಲವಾದದ್ದು ಒಡೆಯುವವರೆಗೂ ಒತ್ತಡ ಏರಬಹುದು.

ನಿಗದಿತ ಒತ್ತಡವನ್ನು ಯಂತ್ರದ ಕೈಪಿಡಿಯಿಂದ ಪಡೆಯಬೇಕು. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಟ್ರ್ಯಾಕ್ಟರ್ ಪರೀಕ್ಷಾ ವರದಿಗಳಲ್ಲಿಯೂ ಹೈಡ್ರಾಲಿಕ್ ಸಾಮರ್ಥ್ಯದ ವಿವರಗಳಿರುತ್ತವೆ. ಕರ್ನಾಟಕದ ಗಡಿಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇದೇ ಬಗೆಯ ದಕ್ಷಿಣ ವಲಯದ ಸಂಸ್ಥೆ ಇದೆ.

ಮಿತಿ ಮೀರಿದ ಒತ್ತಡದ ಪರಿಣಾಮಗಳು

ಒತ್ತಡವನ್ನು ಶೇ. 10ರಷ್ಟು ಏರಿಸಿದರೆ ಸಿಲಿಂಡರ್‌ನ ಬಲವೂ ಶೇ. 10ರಷ್ಟು ಮಾತ್ರ ಏರುತ್ತದೆ. ಮೇಲಿನ ಉದಾಹರಣೆಯಲ್ಲಿ ಬಕೆಟ್‌ನ ತುದಿಯಲ್ಲಿ ದೊರೆಯುವ ಲಾಭ ಸುಮಾರು 66 ಕೆ.ಜಿ. ಇದರಿಂದ 480 ಕೆ.ಜಿ. ಹಸಿಮಣ್ಣು ಏಳಬಹುದು. ಆದರೆ ಒಂದು ಟನ್ನಿನ ಆಸುಪಾಸು ತೂಗುವ ಟ್ರ್ಯಾಕ್ಟರಿನ ಮುಂದಿನ ಅಚ್ಚಿನ ಆಚೆಗೆ ಅದರ ಅರ್ಧದಷ್ಟು ಭಾರ ತೂಗಿದಂತಾಗುತ್ತದೆ. ಹಿಂದಿನ ಚಕ್ರಗಳು ಹಗುರಾಗಿ ಹಿಡಿತ ಮತ್ತು ಬ್ರೇಕಿನ ಪರಿಣಾಮ ಕುಗ್ಗುತ್ತವೆ. ಮಿನಿ ಟ್ರ್ಯಾಕ್ಟರುಗಳ ಚಕ್ರಗಳ ನಡುವಿನ ಅಗಲ ಕಡಿಮೆಯಿರುವುದರಿಂದ ಬದು ಅಥವಾ ಇಳಿಜಾರಿನಲ್ಲಿ ಪಕ್ಕಕ್ಕೆ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಇದಲ್ಲದೆ ಮುಂದಿನ ಅಚ್ಚಿನ ಬೇರಿಂಗ್, ಬೂಮ್‌ನ ಬೆಸುಗೆ, ಪಿನ್ನು ಮತ್ತು ಸೀಲುಗಳು ಬೇಗ ಸವೆಯುತ್ತವೆ. ಲೋಡರ್‌ನ ವಿನ್ಯಾಸಕಾರರು ಒತ್ತಡದ ಮಿತಿಯನ್ನು ಪಂಪ್‌ಗಷ್ಟೇ ಅಲ್ಲದೆ ಇಡೀ ಯಂತ್ರದ ತಾಳಿಕೆಗೂ ಹೊಂದಿಸಿ ನಿರ್ಧರಿಸಿರುತ್ತಾರೆ.

ಸುರಕ್ಷತೆ

• ಎತ್ತಿದ ಬೂಮ್‌ನ ಕೆಳಗೆ ಯಾರೂ ನಿಲ್ಲಬಾರದು. ಎತ್ತಿಯೇ ಕೆಲಸ ಮಾಡಬೇಕಾದಲ್ಲಿ ಯಾಂತ್ರಿಕ ಆಧಾರ ನೀಡಬೇಕು. ತೈಲದ ಒತ್ತಡವನ್ನು ನೆಚ್ಚಿಕೊಳ್ಳಬಾರದು.
• ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬಾರದು. ರಟ್ಟು ಅಥವಾ ಹಲಗೆಯ ತುಂಡನ್ನು ಪೈಪಿನ ಬಳಿ ಸರಿಸಿ ನೋಡಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲವು ಚರ್ಮವನ್ನು, ಕೈಗವಸನ್ನೂ ಭೇದಿಸಿ ಒಳಹೋಗುತ್ತದೆ.
• ತೈಲ ಚುಚ್ಚಿದ ಗಾಯವು ಮೊದಲಿಗೆ ಮುಳ್ಳು ಚುಚ್ಚಿದಷ್ಟು ಸಣ್ಣದಾಗಿ, ನೋವಿಲ್ಲದೆ ಕಾಣಬಹುದು. ಆದರೆ ಒಳಗಿನ ಅಂಗಾಂಶ ಕೆಲವೇ ಗಂಟೆಗಳಲ್ಲಿ ನಾಶವಾಗತೊಡಗುತ್ತದೆ. ಚಿಕಿತ್ಸೆ ತಡವಾದರೆ ಬೆರಳು ಅಥವಾ ಕೈ ಕತ್ತರಿಸಬೇಕಾಗಬಹುದು. ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ ಕಾಯಬಾರದು. ತಕ್ಷಣ 108 ಆಂಬುಲೆನ್ಸ್ ಅಥವಾ ಸಿಕ್ಕ ವಾಹನದಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿದ್ದ ಹೈಡ್ರಾಲಿಕ್ ತೈಲ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.
• ಲೋಡರ್ ಬಳಸುವಾಗ ಹಿಂಭಾಗಕ್ಕೆ ತಯಾರಕರು ಸೂಚಿಸಿದ ಪ್ರತಿಭಾರ ಜೋಡಿಸಬೇಕು. ತುಂಬಿದ ಬಕೆಟ್ಟನ್ನು ಸಾಗಿಸುವಾಗ ನೆಲಕ್ಕೆ ಹತ್ತಿರವಾಗಿ ಇಟ್ಟುಕೊಳ್ಳಬೇಕು.
• ಲೋಡರನ್ನು ಬಿಚ್ಚಿದಾಗ ಪಂಪಿನ ತೈಲಕ್ಕೆ ಮರಳುವ ಮಾರ್ಗವಿರುವಂತೆ ಕಪ್ಲರ್‌ಗಳನ್ನು ಕೈಪಿಡಿಯಲ್ಲಿ ತಿಳಿಸಿದಂತೆ ಸೇರಿಸಬೇಕು.

ಇವನ್ನೂ ನೋಡಿ

• ಟ್ರ್ಯಾಕ್ಟರ್
• ಪ್ಯಾಸ್ಕಲ್‌ನ ನಿಯಮ
• ಹೈಡ್ರಾಲಿಕ್ ಸಿಲಿಂಡರ್
• ಗೇರ್ ಪಂಪ್
• ಕಪ್ಪು ಮಣ್ಣು
• ಗದಗ ಜಿಲ್ಲೆ